ನೈನ್ ಏಯ್ಟ್ ಡಬಲ್ ಫೋರ್

ಮೊನ್ನೆ ಪೀಣ್ಯ ಎರಡನೇ ಹಂತದಲ್ಲಿ ಒಂದು ರೀಚಾರ್ಜ್ ಅಂಗಡಿಗೆ ಹೋಗಿದ್ದೆ. ಮಗ ಊರಲ್ಲಿದ್ದರೆ ಕೂತಲ್ಲಿಂದಲೇ ಹಾಕಿಬಿಡುತ್ತಾನೆ, ಇರಲಿಲ್ಲ. ಅಂಗಡಿಯ ಹುಡುಗ ತಲೆಯೆತ್ತದೆ "ಯಾವ್ದು ಅಂಕಲ್?" ಅಂದ. ಹಳೆಯ ಅಭ್ಯಾಸ, ಬಾಯಿಂದ "ಸ್ಪೈಸು" ಅಂತ ಬಂತು.

"ದಿನಸಿ ಅಂಗಡಿ ಪಕ್ಕದ್ದು ಅಂಕಲ್" ಅಂದ.

ಅವನ ತಪ್ಪಿಲ್ಲ. ಸ್ಪೈಸನ್ನು ಐಡಿಯಾ ಕೊಂಡದ್ದು 2008ರಲ್ಲಿ. ಆಗ ಅವನು ಹುಟ್ಟಿದ್ದರೂ ಚಡ್ಡಿ ಗುಂಡಿ ಹಾಕಿಕೊಳ್ಳಲು ಅಮ್ಮನೇ ಬೇಕಿತ್ತೇನೋ. ಆ ಐಡಿಯಾ 2018ರಲ್ಲಿ ವೊಡಾಫೋನ್ ಜೊತೆ ಸೇರಿತು, 2020ರಲ್ಲಿ ಎರಡೂ ಸೇರಿ 'ವಿ' ಅಂತ ಹೆಸರು ಮೊಟಕು ಮಾಡಿಕೊಂಡವು. ಮನೆ ಬಿಟ್ಟು ಕದಲದೆ ನಾನು ಇಷ್ಟು ಸಲ ಮನೆತನ ಬದಲಾಯಿಸಿದ್ದೇನೆ. ನಂಬರು ಮಾತ್ರ ಅದೇ, ನೈನ್ ಏಯ್ಟ್ ಡಬಲ್ ಫೋರ್.

ಈಗಿನವರಿಗೆ ಹತ್ತು ಅಂಕಿ ಬರೀ ಹತ್ತು ಅಂಕಿ. ನಮ್ಮ ಕಾಲದಲ್ಲಿ ಅದಕ್ಕೆ ಗೋತ್ರ ಇತ್ತು. 9844 ಅಂದರೆ ಸ್ಪೈಸು. 9845 ಅಂದರೆ ಮೊದಲು ಜೆಟಿಎಂ, ಆಮೇಲೆ ಏರ್‌ಟೆಲ್. 9886 ಹಚ್, 9448 ಬಿಎಸ್‌ಎನ್‌ಎಲ್. 98450 ಅಂತ ಶುರು ಮಾಡುವವರು ನಂಬರು ಹೇಳುವಾಗ ಸ್ವಲ್ಪ ಎದೆಯುಬ್ಬಿಸುತ್ತಿದ್ದರು. ನಾವು ಮೊದಲ ಪಂಕ್ತಿಯಲ್ಲಿ ಕೂತವರು ಅನ್ನುವ ಗತ್ತು. ಇನ್ನೂ ಹಿಂದಿನ ಲ್ಯಾಂಡ್‌ಲೈನಿಗೂ ಇದೇ ಕಥೆ. 839 ಅಂದರೆ ಪೀಣ್ಯ, 845 ವೈಟ್‌ಫೀಲ್ಡು, 852 ಎಲೆಕ್ಟ್ರಾನಿಕ್ ಸಿಟಿ. ವಿಸಿಟಿಂಗ್ ಕಾರ್ಡು ನೋಡಿದರೆ ಸಾಕು, ಎಷ್ಟು ಬಸ್ಸು ಬದಲಾಯಿಸಬೇಕು ಅಂತ ಲೆಕ್ಕ ಸಿಗುತ್ತಿತ್ತು.

ಕಾರ್ಡಿನಲ್ಲಿ ನಂಬರು ಇರುವುದೇ ದೊಡ್ಡ ಮಾತು ಅನ್ನಿ. ನಾನು ಲೆಕ್ಕ ಬರೆಯಲು ಸೇರಿದ ಪೀಣ್ಯದ ಯೂನಿಟ್ಟಿನಲ್ಲಿ ಎರಡು ಲೇತು, ಒಂದು ಡ್ರಿಲ್ಲಿಂಗ್ ಮಿಷನ್ನು, ಒಂದು ಗಣಪತಿ ಫೋಟೋ ಇತ್ತು, ಫೋನಿರಲಿಲ್ಲ. ಕಾರ್ಡಿನಲ್ಲಿ ನಂಬರಿನ ಮುಂದೆ 'ಪಿ.ಪಿ.' ಅಂತ ಅಚ್ಚು ಹಾಕಿಸಿದ್ದೆವು. ಅದು ಪಕ್ಕದ ಶೆಡ್ಡಿನ ಸೇಠು ಅವರ ಫೋನು. ಕರೆ ಬಂದರೆ ಅವರ ಹುಡುಗ ಕಾಂಪೌಂಡ್ ಗೋಡೆಗೆ ಸ್ಪ್ಯಾನರ್ ಬಡಿಯುತ್ತಿದ್ದ, ನಾನು ಪೆನ್ನು ಬಿಸಾಕಿ ಓಡುತ್ತಿದ್ದೆ. ದೀಪಾವಳಿಗೆ ಒಂದು ಕೆಜಿ ಮೈಸೂರುಪಾಕು ಕೊಟ್ಟರೆ ವರ್ಷದ ಬಾಡಿಗೆ ಚುಕ್ತಾ. ಸಣ್ಣವರ ಪಾಡಷ್ಟೇ ಇದು ಅಂದುಕೊಳ್ಳಬೇಡಿ. ಫೋನಿಗಾಗಿ ಕಾದದ್ದನ್ನು ಇನ್ಫೋಸಿಸ್ ನಾರಾಯಣಮೂರ್ತಿಯವರೂ ಹೇಳಿಕೊಂಡಿದ್ದಾರೆ.

ತಮಾಷೆ ಏನೆಂದರೆ, ದೇಶಕ್ಕೆಲ್ಲ ಫೋನು ತಯಾರಾಗುತ್ತಿದ್ದದ್ದು ನಮ್ಮೂರಲ್ಲೇ. ವೈಟ್‌ಫೀಲ್ಡಿನ ದಾರಿಯಲ್ಲಿ, ಕೆ.ಆರ್. ಪುರದ ಹತ್ತಿರ, 1948ರಲ್ಲಿ ಶುರುವಾದ ಐಟಿಐ. ತರಬೇತಿ ಶಾಲೆಯ ಐಟಿಐ ಅಲ್ಲ ಮಾರಾಯರೇ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಅಲ್ಲಿ ಕೆಲಸ ಮಾಡುವ ಹುಡುಗನಿಗೆ ಹೆಣ್ಣು ಕೊಡುವಾಗ ಇದನ್ನು ಬಿಡಿಸಿ ಹೇಳಬೇಕಾಗುತ್ತಿತ್ತು. ಬಿಡಿಸಿದ ಮೇಲೆ ಜಾತಕ ಕೇಳುತ್ತಿರಲಿಲ್ಲ. ಆ ಬಡಾವಣೆಗೆ ದೂರವಾಣಿನಗರ ಅಂತಲೇ ಹೆಸರು. ನನ್ನ ಸೋದರಮಾವ ಅಲ್ಲಿದ್ದರು. ದಿನವಿಡೀ ಫೋನು ಜೋಡಿಸಿ ಸಂಜೆ ಮನೆಗೆ ಬಂದರೆ ಮನೆಯಲ್ಲಿ ಫೋನಿಲ್ಲ. ಕಮ್ಮಾರನ ಮನೆಯ ಕತ್ತಿ ಮೊಂಡು ಅನ್ನುವ ಹಾಗೆ.

ಈಗ ಸ್ವಲ್ಪ ದೂರ ಹೋಗಿ ಬರೋಣ, ಐಎಸ್‌ಡಿ ಚಾರ್ಜಿಲ್ಲ. ಅಮೆರಿಕದಲ್ಲಿ ಎಟಿ ಅಂಡ್ ಟಿ ಅಂತ ಒಂದೇ ಕಂಪನಿ ದೇಶದ ಬಹುಪಾಲು ಫೋನು ಹಿಡಿದಿಟ್ಟುಕೊಂಡಿತ್ತು. 1984ರ ಜನವರಿ 1ಕ್ಕೆ ಅದನ್ನು ಒಡೆದು ಪ್ರಾಂತ್ಯಕ್ಕೊಂದರಂತೆ ಏಳು ಕಂಪನಿ ಮಾಡಿದರು. ಮರಿಗಳಿಗೆ ಬೇಬಿ ಬೆಲ್ ಅಂತ ಅಡ್ಡಹೆಸರು. 2005ರಲ್ಲಿ ಅವುಗಳಲ್ಲೊಂದು ಬೆಳೆದು ತಾಯಿಯನ್ನೇ ಕೊಂಡು, ತಾಯಿಯ ಹೆಸರನ್ನೇ ಇಟ್ಟುಕೊಂಡಿತು. ನಮ್ಮ ಸರ್ಕಾರ ತನ್ನ ಇಲಾಖೆಯನ್ನು ಹಾಗೆ ಒಡೆಯಲಿಲ್ಲ. ಒಟ್ಟು ಕುಟುಂಬದ ಯಜಮಾನನ ಹಾಗೆ ಹಳೇ ಮನೆ ತಾನಿಟ್ಟುಕೊಂಡು ಹಿತ್ತಲನ್ನು ಪಾಲು ಹಾಕಿತು. 1994ರ ಟೆಲಿಕಾಂ ನೀತಿ ಬಂತು. ಮೊಬೈಲಿಗೆಂದು ದೇಶವನ್ನು 'ಸರ್ಕಲ್'ಗಳಾಗಿ ಭಾಗ ಮಾಡಿ, ಸರ್ಕಲ್ಲಿಗೆ ಇಬ್ಬರು ಖಾಸಗಿಯವರು ಅಂತ ಟೆಂಡರು ಕರೆದರು. 1995ರ ಜುಲೈ 31ಕ್ಕೆ ಕೊಲ್ಕತ್ತಾದಿಂದ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಟೆಲಿಕಾಂ ಮಂತ್ರಿ ಸುಖರಾಂ ಅವರಿಗೆ ಮೊದಲ ಮೊಬೈಲ್ ಕರೆ ಮಾಡಿದರು. ನಮ್ಮ ಕರ್ನಾಟಕದ ಪಾಲಿಗೆ ಬಂದವರು ಜೆಟಿ ಮೊಬೈಲ್ಸ್ ಮತ್ತು ಬಿ.ಕೆ. ಮೋದಿಯವರ ಸ್ಪೈಸ್.

ಜೆಟಿಎಂಗೆ ಕರ್ನಾಟಕದ ಜೊತೆ ಆಂಧ್ರ. ಅದು ಸರಿ, ಪಕ್ಕದ ಮನೆ. ಸ್ಪೈಸಿಗೆ ಕರ್ನಾಟಕದ ಜೊತೆ ಪಂಜಾಬು! ರಾಗಿಮುದ್ದೆಗೂ ಮಕ್ಕಿ ರೊಟ್ಟಿಗೂ ಯಾವ ಬೀಗತನವೋ ನನಗೆ ಇವತ್ತಿಗೂ ಹೊಳೆದಿಲ್ಲ. ನನ್ನ ಫೋನಿಗೆ ಲುಧಿಯಾನ ಸ್ವಂತ ಮನೆ, ಹೊಸೂರು ಪರದೇಶ.

ಹೊಸೂರು ಅಂದೆನಲ್ಲ, ಆ ಸರ್ಕಲ್ಲಿನ ಗೆರೆ ಕಣ್ಣಿಗೆ ಕಾಣುವಂತಿದ್ದದ್ದು ಅತ್ತಿಬೆಲೆಯಲ್ಲಿ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗೆ ಮಾಲು ಕೊಟ್ಟು ಮುಂದೆ ಹೋದರೆ ಚಂದಾಪುರ, ಅತ್ತಿಬೆಲೆ, ಅಷ್ಟೇ. ಅಲ್ಲಿಗೆ ಕರ್ನಾಟಕ ಸರ್ಕಲ್ ಮುಗಿಯಿತು. ಆದರೆ ತಮಿಳುನಾಡಿನ ಟವರಿಗೆ ಚೆಕ್‌ಪೋಸ್ಟ್ ಗೊತ್ತಿಲ್ಲ. ನಮ್ಮ ಮಾಲೀಕರು ಈಚೆಯ ಟೀ ಅಂಗಡಿಯಲ್ಲಿ ಕೂತು, ಬಂದ ಕರೆಗೆಲ್ಲ ಆರಾಮಾಗಿ ಮಾತಾಡಿದರು. ಕೂತ ಜಾಗ ಕರ್ನಾಟಕ, ಫೋನು ಹೋದದ್ದು ತಮಿಳುನಾಡಿಗೆ. ತಿಂಗಳ ಕೊನೆಗೆ ರೋಮಿಂಗ್ ಬಿಲ್ಲು ನೋಡಿ, "ಆ ದುಡ್ಡಲ್ಲಿ ಟೀ ಅಂಗಡಿಯನ್ನೇ ಕೊಳ್ಳಬಹುದಿತ್ತಲ್ಲೋ" ಅಂದರು. ಅವರ ಫೋನು ಯಾವ ಕಂಪನಿಯದು ಅಂತ ಕೇಳಬೇಡಿ. ಆಮೇಲೆ ಅತ್ತಿಬೆಲೆ ಹತ್ತಿರ ಬಂದರೆ ಫೋನು ಆಫ್ ಮಾಡಿ ಜೇಬಿಗೆ ಹಾಕುತ್ತಿದ್ದರು, ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟಂತೆ.

ಆರಂಭದಲ್ಲಿ ಮಾತಿನ ಬೆಲೆಯೂ ಹಾಗಿತ್ತು. ನಿಮಿಷಕ್ಕೆ 16 ರೂಪಾಯಿವರೆಗೆ, ಬಂದ ಕರೆಗೂ ದುಡ್ಡು. ಅದಕ್ಕೇ ಮಿಸ್ಡ್ ಕಾಲ್ ಅನ್ನುವ ಭಾಷೆ ಹುಟ್ಟಿತು. ಒಂದು ರಿಂಗು ಆದರೆ ಗಾಡಿ ಹೊರಟಿದೆ, ಎರಡಾದರೆ ಇನ್‌ಸ್ಪೆಕ್ಷನ್ ಪಾಸು, ಬಿಡದೆ ಹೊಡೆದುಕೊಂಡರೆ ಮಾಲು ರಿಜೆಕ್ಟು. 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾಯಿತು, ಆ ಭಾಷೆಗೆ ವ್ಯಾಕರಣ ತಪ್ಪಿತು.

ಕಂಪನಿಗಳೂ ಸುಖವಾಗಿರಲಿಲ್ಲ. ಟೆಂಡರಿನ ಹುರುಪಿನಲ್ಲಿ ಲೈಸೆನ್ಸಿಗೆ ಕಟ್ಟಲಾಗದಷ್ಟು ದುಡ್ಡು ಕೂಗಿಬಿಟ್ಟಿದ್ದವು. 1999ರ ಹೊಸ ನೀತಿ ಆ ಬಾಬತ್ತನ್ನು ಆದಾಯದ ಪಾಲಿಗೆ ಬದಲಾಯಿಸಿ ಉಸಿರು ಕೊಟ್ಟಿತು. ಆದರೆ ಒಂದೆರಡು ಸರ್ಕಲ್ಲಿನ ಪುಟ್ಟ ಸಂಸಾರಗಳಿಗೆ ಬಾಳಿಕೆ ಇರಲಿಲ್ಲ. ಅದೇ ವರ್ಷ ಜೆಟಿಎಂ ಏರ್‌ಟೆಲ್‌ನ ಭಾರತಿಯವರ ಕೈಗೆ ಹೋಯಿತು. ಈ ಭಾರತಿ ಯಾರು ಗೊತ್ತೇ? 1984ರಲ್ಲಿ, ಅಮೆರಿಕದಲ್ಲಿ ಮನೆ ಒಡೆದ ವರ್ಷವೇ, ಫೋನಿನ ಉಪಕರಣ ತಯಾರಿಸಲು ಖಾಸಗಿಯವರಿಗೆ ಅನುಮತಿ ಸಿಕ್ಕಿತಲ್ಲ, ಆಗ ಗುಂಡಿ ಒತ್ತುವ ಬೀಟೆಲ್ ಫೋನು ಮಾಡಿ ಮೇಲೆ ಬಂದವರು. ನಮ್ಮ ಮಾವನ ದೂರವಾಣಿನಗರ ಬೆರಳು ಹಾಕಿ ತಿರುಗಿಸುವ ಫೋನಿನಿಂದ ಕಟ್ಟಿದ ಊರು. ಅದರ ಗುತ್ತಿಗೆ ತಪ್ಪಿದಾಗ ತಲೆಯೆತ್ತಿದವರೇ ಹದಿನೈದು ವರ್ಷಕ್ಕೆ ಕರ್ನಾಟಕದ ಅರ್ಧ ಮೊಬೈಲು ವ್ಯಾಪಾರ ಕೊಂಡರು. ಮಾವ ಈ ಸುದ್ದಿ ಓದಿ ಪೇಪರು ಮಡಿಸಿಟ್ಟು, ಮತ್ತೆ ಬಿಚ್ಚಿ ಇನ್ನೊಂದು ಸಲ ಓದಿದರು. ಏನೂ ಅನ್ನಲಿಲ್ಲ.

ಸ್ಪೈಸು ಇನ್ನೊಂಬತ್ತು ವರ್ಷ ಎಳೆಯಿತು. 2011ರ ಜನವರಿಯಲ್ಲಿ ನಂಬರು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ ಬಂದ ಮೇಲಂತೂ ಗೋತ್ರವೆಲ್ಲ ಕಲಸುಮೇಲೋಗರ. ಈಗ 9844ರವನು ಯಾವ ಮನೆಯಲ್ಲಿದ್ದಾನೋ ಅವನ ಹೆಂಡತಿಗೂ ತಿಳಿಯದು. ರೋಮಿಂಗ್ ಬಿಲ್ಲಿನ ಆ ಗೆರೆಗಳು ಹೋದದ್ದು ಒಳ್ಳೆಯದೇ, ಅತ್ತಿಬೆಲೆಯಲ್ಲಿ ಈಗ ಧೈರ್ಯವಾಗಿ ಟೀ ಕುಡಿಯಬಹುದು. ಆದರೂ ಫೋನು ಕಂಪನಿಯ ಭೂಪಟದಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಬಣ್ಣ ಬಳಿದಿದ್ದ ಆ ದಿನಗಳು ನನಗೆ ಇಷ್ಟವಾಗಿದ್ದವು. ಆ ಪಂಜಾಬಿನ ತುಂಡೊಂದನ್ನು ಬಿಟ್ಟು.

ಅಂಗಡಿಯ ಹುಡುಗ ನಂಬರು ಒತ್ತಿ ನೋಡಿ, "ಅಂಕಲ್, ಇದು ವಿ" ಅಂದ.

"ಗೊತ್ತಪ್ಪ, ಅದರಲ್ಲೇ ಹಾಕು" ಅಂದೆ.

ನಿಮ್ಮದೂ 9844 ಆಗಿದ್ದರೆ ಒಂದು ಮಿಸ್ಡ್ ಕಾಲ್ ಕೊಡಿ. ಒಂದೇ ರಿಂಗು ಸಾಕು.