ಮಳಖೇಡದ ಕೋಟೆಯ ಮುಂದೆ

ಕಲಬುರ್ಗಿಯಿಂದ ಸೇಡಮ್ಮಿಗೆ ಹೋಗುವ ಹಾದಿಯಲ್ಲಿ, ಕಾಗಿಣಾ ನದಿಯ ದಡದ ಮೇಲೆ ಮಳಖೇಡವೆಂಬ ಊರಿದೆ. ಇದೇ ಹಿಂದಿನ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಇಲ್ಲಿ ಕುಳಿತು ರಾಜ್ಯವಾಳಿದನು. ಅರಬ್ಬೀ ವರ್ತಕನಾದ ಸುಲೇಮಾನನ ಹೆಸರಿನಲ್ಲಿ ನಿಂತಿರುವ 851ರ ವೃತ್ತಾಂತವು ಲೋಕದ ನಾಲ್ವರು ದೊಡ್ಡ ಅರಸರಲ್ಲಿ ‘ಬಲ್ಹರಾ’ ಎಂಬವನನ್ನು ಎಣಿಸುತ್ತದೆ. ಆತನೇ ನಮ್ಮ ರಾಷ್ಟ್ರಕೂಟ ಅರಸನು. 972ರಲ್ಲಿ ಪರಮಾರರ ಸೀಯಕನು ದಂಡೆತ್ತಿ ಬಂದು ಈ ನಗರವನ್ನು ಸೂರೆಗೊಂಡನು. ಅಂದಿನ ವೈಭವವು ಮತ್ತೆ ಆ ಪ್ರಮಾಣದಲ್ಲಿ ಇಲ್ಲಿಗೆ ಮರಳಲಿಲ್ಲ. ಇಂದು ಕಾಣುವ ಕೋಟೆಯೆಲ್ಲವೂ ರಾಷ್ಟ್ರಕೂಟರ ಕಾಲದ್ದೆಂದು ತಿಳಿಯಲಾಗದು. ಮುಂದೆ ಬಂದವರೂ ಕಟ್ಟಿದರು, ಕೆಡವಿದರು, ತಿದ್ದಿದರು. ಈ ಪಾಳುಗೋಡೆಗಳನ್ನು ಒತ್ತಿಕೊಂಡೇ ಊರಿನ ಸಂಸಾರವು ಸಾಗಿದೆ.

ರೈಲಿನಲ್ಲಿ ಬರುವವರು ವಾಡಿ, ಚಿತ್ತಾಪುರಗಳನ್ನು ದಾಟಿ ಮಳಖೇಡ ರೋಡ್ ನಿಲ್ದಾಣದಲ್ಲಿ ಇಳಿಯಬೇಕು. ಸಮೀಪದಲ್ಲಿಯೇ ಸಿಮೆಂಟ್ ಕಾರ್ಖಾನೆಯವರ ಆದಿತ್ಯನಗರವಿದೆ. ಶಹಾಬಾದ, ವಾಡಿ, ಸೇಡಂಗಳ ಈ ಸೀಮೆಯ ನೆಲದಡಿಯಲ್ಲೆಲ್ಲ ಸುಣ್ಣಕಲ್ಲು ಪದರಪದರವಾಗಿ ಹಾಸಿಕೊಂಡಿದೆ. ನಮ್ಮಲ್ಲಿ ಎಷ್ಟೋ ಮಂದಿಯ ಅಡುಗೆಮನೆಯ ನೆಲಕ್ಕೆ ಹಾಸಿರುವ ಶಹಾಬಾದಿ ಫರ್ಸಿಯು ಇದೇ ಕಲ್ಲು. ಅರೆದು ಸುಟ್ಟರೆ ಸಿಮೆಂಟಾಗುವುದೂ ಇದೇ. ಹಿಂದಿನವರು ಕೋಟೆಗೂ ಇದನ್ನೇ ಬಳಸಿದರು. ಒಂದೇ ಕಲ್ಲು ಅರಸನಿಗೂ ಗೃಹಿಣಿಗೂ ಕಾರ್ಖಾನೆಗೂ ಸಮನಾಗಿ ಒದಗಿದ ಈ ನಾಡಿನಲ್ಲಿ ತಿರುಗಾಡುವಾಗ ನಮ್ಮ ಮನಸ್ಸಿನಲ್ಲಿ ಒಂದು ಆಲೋಚನೆಯು ಸುಳಿಯಿತು.

ಈಗಿನ ಕಲಾವಿದರು ಗೋಡೆಗೆ ತೂಗುಹಾಕುವ ಚಿತ್ರದಿಂದಲೇ ತೃಪ್ತರಾಗುವುದಿಲ್ಲ. ವಿಸ್ತಾರವಾದ ಬಯಲನ್ನೋ ಹಳೆಯ ಕಟ್ಟಡದ ಅಂಗಳವನ್ನೋ ಆರಿಸಿಕೊಂಡು, ನೋಡುವವನು ಒಳಹೊಕ್ಕು ನಡೆದಾಡಬಹುದಾದ ದೊಡ್ಡ ರಚನೆಯನ್ನು ಕೆಲವು ಕಾಲದ ಮಟ್ಟಿಗೆ ನಿಲ್ಲಿಸುತ್ತಾರೆ. ಜನರು ಮರೆತ ಮಾನ್ಯಖೇಟದಲ್ಲಿ ಅಂತಹುದೊಂದನ್ನು ನಿಲ್ಲಿಸಿದರೆ ನಾಡಿನ ಕಣ್ಣು ಇತ್ತ ತಿರುಗದೆ? ತಿರುಗೀತು. ಆದರೆ ಹಳೆಯ ಕಲ್ಲಿನ ನಡುವೆ ಹೊಸದನ್ನು ನಿಲ್ಲಿಸುವುದು ಸುಲಭದ ಕೆಲಸವಲ್ಲ. ಅದಕ್ಕೆ ದೃಷ್ಟಾಂತವು ಇದೇ ಸೀಮೆಯಲ್ಲಿ ಇದೆ.

ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾನದಿಯ ತೀರದ ಸನ್ನತಿಯು ಚಂದ್ರಲಾ ಪರಮೇಶ್ವರಿಯ ಪುಣ್ಯಕ್ಷೇತ್ರ. 1986ರಲ್ಲಿ ಅಲ್ಲಿಯ ದೇವಾಲಯದ ಆವರಣದ ಕಾಳಿಕಾಗುಡಿಯ ಮಾಳಿಗೆಯು ಕುಸಿದುಬಿತ್ತು. ಗುಡಿಯನ್ನು ಸರಿಪಡಿಸುವ ಸಂದರ್ಭದಲ್ಲಿ ದೇವಿಯ ಪೀಠವಾಗಿದ್ದ ಚಪ್ಪಡಿಯನ್ನು ಪರೀಕ್ಷಿಸಿದಾಗ, ಅದರ ಮೇಲೆ ಬ್ರಾಹ್ಮೀ ಲಿಪಿಯ ಬರಹವು ಕಂಡಿತು. ಅದು ಅಶೋಕ ಚಕ್ರವರ್ತಿಯ ಧರ್ಮಲಿಪಿ! ಎಂದೋ ಒಂದು ಕಾಲದಲ್ಲಿ ವಿಗ್ರಹವನ್ನು ಭದ್ರವಾಗಿ ನಿಲ್ಲಿಸುವುದಕ್ಕಾಗಿ ಚಪ್ಪಡಿಯ ನಡುವೆ ಚೌಕವಾದ ರಂಧ್ರವನ್ನು ಕೊರೆದಿದ್ದರು. ಆ ರಂಧ್ರದೊಡನೆ ಅಕ್ಷರಗಳ ಒಂದು ಭಾಗವೂ ಹೋಯಿತು. ಕೊರೆದವರನ್ನು ದೂಷಿಸುವಂತಿಲ್ಲ. ಅವರದು ಭಕ್ತಿಯ ಕೆಲಸ. ಆ ಲಿಪಿಯನ್ನು ಓದಬಲ್ಲವರು ಅಂದು ಯಾರೂ ಇರಲಿಲ್ಲ. ಅವರ ಪಾಲಿಗೆ ಅದು ಅಳತೆಗೆ ಸರಿಹೋದ ಒಳ್ಳೆಯ ಕಲ್ಲು, ಅಷ್ಟೆ. ಆದರೂ ಹೋದ ಅಕ್ಷರವು ಹೋಯಿತು.

ಸನ್ನತಿಯ ಸಮೀಪದ ಕನಗನಹಳ್ಳಿಯಲ್ಲಿ ಪುರಾತತ್ವ ಸರ್ವೇಕ್ಷಣೆಯವರು 1994ರಿಂದ ಅಗೆಸಿದಾಗ, ಮಣ್ಣಿನಡಿಯಿಂದ ಒಂದು ಮಹಾಸ್ತೂಪವೇ ಹೊರಬಂದಿತು. ಅದರ ಶಿಲ್ಪಫಲಕಗಳೂ ಈ ನಾಡಿನ ಸುಣ್ಣಕಲ್ಲಿನವೇ. ಒಂದು ಫಲಕದಲ್ಲಿ ರಾಣಿಯೊಡನೆ ನಿಂತ ಅರಸನಿದ್ದಾನೆ. ಪಕ್ಕದಲ್ಲಿ ‘ರಾಯ ಅಸೋಕ’ ಎಂಬ ಬರಹವಿದೆ. ಅಗೆಯುವ ಮೊದಲು ಅದೂ ಬರಿಯ ದಿಬ್ಬವೆಂದೇ ತೋರುತ್ತಿತ್ತು. ಈ ಎರಡು ಸಂಗತಿಗಳಿಂದ ನಾವು ಕಲಿಯತಕ್ಕ ಪಾಠವು ಒಂದೇ: ನಮಗೆ ಓದಲು ಬಾರದ ಕಲ್ಲಿನಲ್ಲಿಯೂ ಅಗೆಯದ ನೆಲದಲ್ಲಿಯೂ ಬರಹವಿರಬಹುದು. ಆದುದರಿಂದ ಹೊಸದನ್ನು ಸ್ಥಾಪಿಸುವವನ ಮೊದಲನೆಯ ನೇಮವು ಕೊರೆಯದಿರುವುದು.

ಕೊರೆಯದೆಯೇ ದೊಡ್ಡ ಕೆಲಸವನ್ನು ಮಾಡಬಹುದೆಂಬುದನ್ನು ಹೊರನಾಡಿನವರು ತೋರಿಸಿದ್ದಾರೆ. 2014ರಲ್ಲಿ ಲಂಡನ್ನಿನ ಪ್ರಾಚೀನ ಕೋಟೆಯಾದ ಟವರಿನ ಒಣಗಂದಕದಲ್ಲಿ ಪಾಲ್ ಕಮಿನ್ಸ್, ಟಾಮ್ ಪೈಪರ್ ಎಂಬಿಬ್ಬರು ಕಲಾವಿದರು ಮಣ್ಣಿನಿಂದ ಮಾಡಿ ಸುಟ್ಟ 8,88,246 ಕೆಂಪು ಹೂಗಳನ್ನು ನೆಡಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಗಳಲ್ಲಿ ಮಡಿದ ಒಬ್ಬೊಬ್ಬನಿಗೆ ಒಂದೊಂದು ಹೂವು. ಸಾವಿರಾರು ಮಂದಿ ಸ್ವಯಂಸೇವಕರು ಬಂದು ನೆಟ್ಟರು. ಮುಗಿದಮೇಲೆ ಹೂಗಳನ್ನು ಜನರಿಗೆ ಮಾರಿದರು. 2021ರಲ್ಲಿ ಪ್ಯಾರಿಸ್ ನಗರದ ವಿಜಯದ್ವಾರಕ್ಕೆ ದಿವಂಗತ ಕಲಾವಿದ ಕ್ರಿಸ್ಟೋ ಯೋಜಿಸಿದ್ದಂತೆ 25,000 ಚದರ ಮೀಟರ್ ಬಟ್ಟೆಯನ್ನು ಹೊದಿಸಿದರು. ಬಟ್ಟೆಯು ಶಿಲ್ಪಗಳನ್ನು ಸೋಕದಂತೆ ಅವುಗಳ ಸುತ್ತ ಉಕ್ಕಿನ ಚೌಕಟ್ಟುಗಳನ್ನು ನಿಲ್ಲಿಸಿ, 16 ದಿವಸಗಳಾದಮೇಲೆ ಎಲ್ಲವನ್ನೂ ಬಿಚ್ಚಿದರು. ಆ ಯೋಚನೆಯು ಕಲಾವಿದನಿಗೆ ಹೊಳೆದುದು ಸುಮಾರು 60 ವರ್ಷಗಳ ಹಿಂದೆ. ದೊಡ್ಡದನ್ನು ಮಾಡುವವನಿಗೆ ತಾಳ್ಮೆಯೂ ದೊಡ್ಡದಾಗಿಯೇ ಇರಬೇಕು.

ಈಗ ನಮ್ಮ ಮಳಖೇಡಕ್ಕೆ ಬರೋಣ. ಇಲ್ಲಿ ಕಂಬ ಹೂಳುವುದಕ್ಕೆ ಗುಂಡಿ ತೋಡಲಾಗದು. ರಾಜಧಾನಿಯಾಗಿದ್ದ ನೆಲ, ಒಳಗೇನಿದೆಯೋ! ಗೋಡೆಗೆ ಮೊಳೆ ಹೊಡೆಯುವ ಮಾತೂ ಬೇಡ. ಕರಿಮಣ್ಣಿನ ನೆಲವು ಮಳೆಯಲ್ಲಿ ಉಬ್ಬಿ, ಬೇಸಗೆಯಲ್ಲಿ ಬಿರಿಯುವುದರಿಂದ ಎತ್ತರವಾದುದನ್ನು ಬರಿಯ ನೆಲದ ಮೇಲೆ ನೆಚ್ಚಿ ನಿಲ್ಲಿಸುವಂತಿಲ್ಲ. ಮಳೆಗಾಲದಲ್ಲಿ ಕಾಗಿಣೆಯು ಉಕ್ಕಿ ಹಾದಿಯನ್ನು ಮುಳುಗಿಸುವುದುಂಟು; ಬೇಸಗೆಯ ಬಿಸಿಲೋ 40 ಡಿಗ್ರಿಯನ್ನು ಮೀರುತ್ತದೆ. ಉಳಿದುದು ಕಾರ್ತಿಕದಿಂದ ಮಾಘದವರೆಗಿನ ಕಾಲ. ಕೆಲಸವು ತಗ್ಗಾಗಿರಬೇಕು, ಬಿಡಿಬಿಡಿಯಾಗಿರಬೇಕು, ಹೊತ್ತು ತಂದುದನ್ನು ಹೊತ್ತೊಯ್ಯುವಂತಿರಬೇಕು. ಇಷ್ಟು ನಿರ್ಬಂಧಗಳಿಗೆ ಹೊಂದುವ ವಸ್ತುವು ಯಾವುದು? ಇಲ್ಲಿಯ ಫರ್ಸಿಯೇ!

ಏನನ್ನು ರಚಿಸಬೇಕು? ಸಿಂಹಾಸನ, ಆನೆ, ಕತ್ತಿಗಳನ್ನು ಯಾವ ಊರಲ್ಲಿಯಾದರೂ ಮಾಡಬಹುದು. ಮಾನ್ಯಖೇಟದಿಂದ ಅಳಿಯದೆ ಉಳಿದುಬಂದುದು ಗ್ರಂಥಸಂಪತ್ತು. ಅಮೋಘವರ್ಷನನ್ನು ಕೊಂಡಾಡಿದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಕೊರಳ ಹಾರದಂತೆ ತೋರುವ ಸಂಖ್ಯೆಗಳನ್ನು ಕೊಟ್ಟಿದ್ದಾನೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ಬರುತ್ತವೆ. 27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಮನೆಯ ಮಕ್ಕಳ ಕೈಯಲ್ಲಿ ಗುಣಿಸಿ ನೋಡಿಸಿರಿ.

ಈ ಹಾರವನ್ನು ಕಲ್ಲಿನಲ್ಲಿ ಕಟ್ಟೋಣ. ಎರಡಡಿ ಚೌಕದ, ಒಂದಂಗುಲ ದಪ್ಪದ ಫರ್ಸಿಗಳು; ಮೊದಲಲ್ಲಿ ಒಂದು, ಮುಂದೆ ಒಂದರ ಮೇಲೊಂದು ಎರಡು, ಮೂರು, ಹೀಗೆ ಆರಕ್ಕೇರಿ, ಮತ್ತೆ ಒಂದಕ್ಕೆ ಇಳಿಯುವ 11 ರಾಶಿಗಳು. ಸಾಲಿಗೆ 36 ಕಲ್ಲು. ತಿಂಗಳಿನ ದಿವಸಗಳಂತೆ 30 ಸಾಲು. ಒಟ್ಟು 1,080 ಕಲ್ಲು. ನಡುನಡುವೆ ಎರಡಡಿಯ ದಾರಿಯನ್ನು ಬಿಟ್ಟರೆ ಎಲ್ಲವೂ 42 ಅಡಿ ಅಗಲ, 118 ಅಡಿ ಉದ್ದದ ಬಯಲಿನಲ್ಲಿ ಹಿಡಿಯುತ್ತದೆ. ಒಂದು ಕಲ್ಲಿನ ತೂಕವು ಸುಮಾರು 25 ಕಿಲೋ, ಇಬ್ಬರು ಎತ್ತಬಹುದಾದಷ್ಟು. ಒಟ್ಟು 27 ಟನ್ನು. ಎತ್ತರವು ಅರ್ಧ ಅಡಿಯನ್ನು ಮೀರದು. ಮಗುವಿನ ಮೇಲೆ ಉರುಳುವ ಭಯವಿಲ್ಲ. ಗಾರೆಯೂ ಬೇಡ, ಗುಂಡಿಯೂ ಬೇಡ. ದೂರದಿಂದ ನೋಡಿದರೆ ಉತ್ತ ಹೊಲದ ಸಾಲಿನಂತೆ ಕಂಡೀತು.

ಇನ್ನು ನುಡಿ. ‘ಕವಿರಾಜಮಾರ್ಗ’ವು ಹುಟ್ಟಿದ್ದು ಇದೇ ಆಸ್ಥಾನದಲ್ಲಿ. ಓದು ಕಲಿಯದ ನಾಡವರಲ್ಲಿಯೂ ಕಾವ್ಯದ ಜಾಣ್ಮೆಯುಂಟೆಂದು ಹೊಗಳಿದ ಗ್ರಂಥವದು. 330 ರಾಶಿಗಳ ಮೇಲಣ ಕಲ್ಲಿನಲ್ಲಿ, ಈ ಸೀಮೆಯ ಮುದುಕ ಮುದುಕಿಯರ ಬಾಯಲ್ಲಿ ಮಾತ್ರ ಉಳಿದಿರುವ ಒಂದೊಂದು ಮಾತನ್ನು ಶಾಲೆಯ ಮಕ್ಕಳು ಸೀಮೆಸುಣ್ಣದಿಂದ ಬರೆಯಲಿ: ಬಿತ್ತನೆಯ ಮಾತು, ಬೀಸುಕಲ್ಲಿನ ಮಾತು, ಕಲ್ಲುಗಣಿಯ ಮಾತು. ಸುಣ್ಣವು ಅಳಿಸಿಹೋಗಲಿ, ಅದೇ ಮಾತುಗಳನ್ನು ಒಂದು ಪುಸ್ತಕದಲ್ಲಿ ಬರೆದು ಊರ ಶಾಲೆಯಲ್ಲಿಡಲಿ. ಮಾಘ ಮುಗಿದೊಡನೆ ಕಲ್ಲುಗಳನ್ನು ಎತ್ತಿ, ನೆಲ ಹಾಸಿಲ್ಲದ ಶಾಲೆಗಳ ಅಂಗಳಕ್ಕೆ ಹಾಸಿದರೆ 4,320 ಚದರಡಿಯ ನೆಲವಾಗುತ್ತದೆ. ಕಲೆಗಾಗಿ ಇಟ್ಟ ಹಣದಲ್ಲಿ ಬಹುಪಾಲು ಮಕ್ಕಳ ಕಾಲಡಿಯಲ್ಲಿ ಉಳಿಯಿತು.

“ಕೋಟೆಯೇ ಶಿಥಿಲವಾಗಿರುವಾಗ ಈ ಮೇಳವೇತಕ್ಕೆ? ಆ ಹಣದಿಂದ ಗೋಡೆಯನ್ನು ದುರಸ್ತಿ ಮಾಡಬಾರದೆ?” ಎಂದು ವಾಚಕರು ಕೇಳಬಹುದು. ಕೇಳತಕ್ಕ ಮಾತೇ. ಬೀಳುವ ಗೋಡೆಯ ಪಕ್ಕದಲ್ಲಿ ಜನರನ್ನು ನೆರೆಯಿಸುವುದು ಪಾಪದ ಕೆಲಸ. ಆದುದರಿಂದ ಕ್ರಮವು ಹೀಗಿರಬೇಕೆಂದು ನಮ್ಮ ಅಭಿಪ್ರಾಯ. ಮೊದಲು ಗೋಡೆಯ ಪರೀಕ್ಷೆ, ಭದ್ರತೆ. ಎರಡನೆಯದು ಊರವರ ಒಪ್ಪಿಗೆ. ಅವರ ದನಕರುಗಳ ದಾರಿ, ನೀರಿನ ದಾರಿ, ಉತ್ತರಾದಿ ಮಠದ ಜಯತೀರ್ಥರ ಬೃಂದಾವನಕ್ಕೂ ನೇಮಿನಾಥ ಬಸದಿಗೂ ಬರುವ ಯಾತ್ರಿಕರ ದಾರಿ, ಇವುಗಳಿಗೆ ಅಡ್ಡಿಯಾಗಬಾರದು. ಮೂರನೆಯದು ಸರಕಾರದ ಅನುಮತಿ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1958ರ ಕಾಯಿದೆಯೂ ಕರ್ನಾಟಕದ ರಕ್ಷಣೆಯಲ್ಲಿರುವವಕ್ಕೆ 1961ರ ಕಾಯಿದೆಯೂ ಅನ್ವಯಿಸುತ್ತವೆ. ಕೇಂದ್ರದ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧದ ಮೇರೆ, ಅದರಾಚೆಯ 200 ಮೀಟರ್ ನಿಯಂತ್ರಣದ ಮೇರೆ. ಇದನ್ನು ಕಿರುಕುಳವೆಂದು ಭಾವಿಸಬಾರದು. ಸನ್ನತಿಯ ಚಪ್ಪಡಿಗೆ ಇಂತಹ ಕಾವಲಿರಲಿಲ್ಲ. ನಾಲ್ಕನೆಯದು ಕುಡಿಯುವ ನೀರು, ಶೌಚಾಲಯ, ನೆರಳು. ಕಲ್ಲನ್ನು ತರುವುದು ಐದನೆಯದು.

ದುರಸ್ತಿಗೂ ಇಂತಹ ಕೆಲಸಕ್ಕೂ ವೈರವಿರಬೇಕಾಗಿಲ್ಲ. ನೋಡುವವರಿಲ್ಲದ ಕೋಟೆಗೆ ಕೇಳುವವರೂ ಇರುವುದಿಲ್ಲ. ಒಂದು ಚಳಿಗಾಲದಲ್ಲಿ ಹತ್ತು ಸಾವಿರ ಮಂದಿ ಬಂದು ಆ ಗೋಡೆಯನ್ನು ತಮ್ಮದೆಂದು ಭಾವಿಸಿದರೆ, ಮುಂದಿನ ಮಳೆಯಲ್ಲಿ ಒಂದು ಕಲ್ಲು ಜಾರಿದಾಗ ವಿಚಾರಿಸುವವರು ಹುಟ್ಟುತ್ತಾರೆ. ಮಾನ್ಯಖೇಟಕ್ಕೆ ಬೇಕಾಗಿರುವ ಪ್ರತಿಷ್ಠೆಯು ಅದೇ. ಅದು ಕೈಗೂಡುವವರೆಗೆ, ಆ ಹಾದಿಯಲ್ಲಿ ಪಯಣಿಸುವವರು ಅರ್ಧ ದಿನವನ್ನು ಉಳಿಸಿಕೊಂಡು, ಮಕ್ಕಳನ್ನೂ ಕರೆದುಕೊಂಡು ಮಳಖೇಡದಲ್ಲಿ ಇಳಿದು ನೋಡಿರಿ. ಗೋಡೆಯ ಮೇಲೆ ಹೆಸರನ್ನು ಮಾತ್ರ ಕೆತ್ತಬೇಡಿರಿ.