ಚೆಂಡು ಹಿಡಿದ ಕೈಗೆ ಯಾವ ಕಾಲೇಜು?

ಮಠದಲ್ಲಿದ್ದು ವ್ಯಾಕರಣ, ತರ್ಕ, ಷಟ್‌ಸ್ಥಲ ಶಾಸ್ತ್ರಗಳನ್ನು ಅಭ್ಯಾಸ ಮಾಡಿದ ನನ್ನಂಥವನ ಬಳಿಗೆ ಜನರು ಸಾಮಾನ್ಯವಾಗಿ ಬರುವುದು ಮಗುವಿಗೊಂದು ಹೆಸರು ಕೇಳಲು, ಇಲ್ಲವೆ ವಚನದ ಯಾವುದೋ ಕಠಿಣ ಪದಕ್ಕೆ ಅರ್ಥ ಕೇಳಲು. ಈ ಸಲ ಮೊಳಕಾಲ್ಮೂರು ತಾಲ್ಲೂಕಿನ ಬಂಧುಗಳೊಬ್ಬರು ಬೇರೆಯೇ ಪ್ರಶ್ನೆಯೊಂದನ್ನು ಹೊತ್ತು ತಂದರು. ಅವರ ಮಗ ದ್ವಿತೀಯ ಪಿ.ಯು.ಸಿ. ಮುಗಿಸಿದ್ದಾನೆ. ಆರು ಅಡಿ ಮೂರು ಅಂಗುಲ ಎತ್ತರ. ಚಳ್ಳಕೆರೆಯಲ್ಲಿ ಓದುವಾಗ ಬ್ಯಾಸ್ಕೆಟ್‌ಬಾಲ್ ಹಿಡಿದವನು ಇನ್ನೂ ಕೆಳಗಿಟ್ಟಿಲ್ಲ. ಬೆಂಗಳೂರಿನ ಸಂಸ್ಥೆಯೊಂದರವರು ಅವನ ಆಟವನ್ನು ಕಂಡು, ಶುಲ್ಕವಿಲ್ಲದೆ ಸೇರಿಸಿಕೊಳ್ಳುವೆವೆಂದು ಬಾಯಿಮಾತಿನಲ್ಲಿ ಹೇಳಿದ್ದಾರೆ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಸೀಟು ದೊರೆಯುವ ಸಂಭವವಿದೆ. ಚಳ್ಳಕೆರೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಂತೂ ಮನೆಯ ಬಾಗಿಲಲ್ಲೇ ಇದ್ದಂತೆ. ಎಲ್ಲಿಗೆ ಕಳುಹಿಸುವುದು?

ಆಟದ ವಿಷಯದಲ್ಲಿ ನಾನು ಪಾಮರ. ಆದರೂ ಕೇಳಿದವರನ್ನು ಬರಿಗೈಯಲ್ಲಿ ಕಳುಹಿಸುವುದು ನಮ್ಮ ಪದ್ಧತಿಯಲ್ಲವಾದ್ದರಿಂದ, ಬಲ್ಲ ದೈಹಿಕ ಶಿಕ್ಷಕರನ್ನು ಕಂಡು ವಿಚಾರಿಸಿದೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ಚಳಿಗಾಲದಲ್ಲಿ ಹುಡುಗರು ಒಳಾಂಗಣದಲ್ಲಿ ಆಡಲೆಂದು ರೂಪಿಸಿದ ಆಟವಿದು. ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಬಳೆ ಹತ್ತು ಅಡಿ ಎತ್ತರದಲ್ಲಿರುತ್ತದೆ. ಜಾಗ ಹೆಚ್ಚು ಬೇಡ, ಆದರೆ ಗಟ್ಟಿ ನೆಲ ಬೇಕು. ಕಬಡ್ಡಿ, ವಾಲಿಬಾಲ್‌ಗಳಂತೆ ಇದು ನಮ್ಮ ಬಯಲುಸೀಮೆಯ ಹಳ್ಳಿ ಹಳ್ಳಿಗೆ ಹಬ್ಬದಿರಲು ಇದೊಂದೇ ಕಾರಣ ಸಾಕು.

ವಿಚಾರಿಸುತ್ತ ಹೋದಂತೆ ತಿಳಿದುಬಂದ ಸಂಗತಿಯೊಂದು ನನಗೆ ಬಹಳ ವಿಚಿತ್ರವೆನಿಸಿತು. ಕಾಲೇಜು ಹುಡುಗನೊಬ್ಬ ಹೆಸರು ಗಳಿಸುವುದು ಕಾಲೇಜಿನ ತಂಡದಿಂದಲ್ಲ, ವಿಶ್ವವಿದ್ಯಾಲಯದ ತಂಡದಿಂದ. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುವ ಪಟ್ಟಿಯಲ್ಲಿ ಹನ್ನೆರಡು ಹೆಸರುಗಳು ಮಾತ್ರ. ಮುಂದೆ ಬೆಲೆಬಾಳುವ ಪ್ರಮಾಣಪತ್ರವೂ ಆ ಹನ್ನೆರಡು ಮಂದಿಗೇ. ಚಳ್ಳಕೆರೆಯ ಕಾಲೇಜು 2009ರಲ್ಲಿ ಸ್ಥಾಪಿತವಾದ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅದರ ವ್ಯಾಪ್ತಿ ದಾವಣಗೆರೆ, ಚಿತ್ರದುರ್ಗ ಎರಡೇ ಜಿಲ್ಲೆ. ದಾವಣಗೆರೆಯಲ್ಲಿಯೇ ಎಂಜಿನಿಯರಿಂಗ್‌ಗೆ ಸೇರಿದರೋ, ಅವನು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗುತ್ತಾನೆ. ಬೆಂಗಳೂರು, ಮೈಸೂರು, ಮಂಗಳೂರುಗಳ ಎಂಜಿನಿಯರಿಂಗ್ ಹುಡುಗರೆಲ್ಲರೊಡನೆ ಸೆಣಸಿ ಆ ಹನ್ನೆರಡರಲ್ಲಿ ಒಬ್ಬನಾಗಬೇಕು. ಬೆಂಗಳೂರಿನ ಡೀಮ್ಡ್ ವಿಶ್ವವಿದ್ಯಾಲಯದಲ್ಲಿ ಆಟಗಾರರೆಲ್ಲ ಒಂದೇ ಆವರಣದಲ್ಲಿದ್ದು ನಿತ್ಯವೂ ತರಬೇತಿ ಪಡೆಯುತ್ತಾರೆ, ನಿಜ. ಆದರೆ ನಮ್ಮಲ್ಲಿ ಬಾಗಿಲಿಗೆ ತಲೆ ತಗುಲುವ ಹುಡುಗ ಅಲ್ಲಿ ಗಿಡ್ಡನೆನಿಸಬಹುದು. ಹದಿನಾರನೆಯವನಾಗಿ ಮೂರು ವರ್ಷ ಬೆಂಚಿನ ಹಿಂದೆ ನಿಂತಿರಲೂಬಹುದು. ಹೀಗಾಗಿ ಅತಿ ದೊಡ್ಡ ಊರಿಗೆ ಹೋದರೆ ಅತಿ ಹೆಚ್ಚು ಆಡುವೆನೆಂಬ ಲೆಕ್ಕ ತಪ್ಪುವುದುಂಟು.

ಶುಲ್ಕದ ಮಾತಿಗೆ ಬರೋಣ. ಚಳ್ಳಕೆರೆ ಕಡೆಯ ರೈತ ಮನೆತನದ ಹುಡುಗನೊಬ್ಬ ಕೆಲವು ವರ್ಷಗಳ ಹಿಂದೆ ಇಂಥದೇ ಬಾಯಿಮಾತನ್ನು ನಂಬಿ ದೂರದ ಕಾಲೇಜೊಂದನ್ನು ಸೇರಿದ್ದ. ಕಾಲೇಜಿನ ಹೆಸರು ಇಲ್ಲಿ ಬೇಡ. ಎರಡನೆಯ ವರ್ಷ ಮೊಣಕಾಲಿನ ನರ ಹರಿಯಿತು. ಆಟ ನಿಂತಿತು, ಮುಂದಿನ ತಿಂಗಳೇ ಪೂರ್ಣ ಶುಲ್ಕದ ಚೀಟಿ ಬಂತು. ತಂದೆ ಎತ್ತಿನ ಜೋಡಿಯನ್ನು ಮಾರಿ ಒಂದು ಕಂತು ಕಟ್ಟಿದರು, ಎರಡನೆಯದು ಆಗಲಿಲ್ಲ. ಆ ಹುಡುಗ ಈಗ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಕಾಯಕ ಯಾವುದೂ ಕೀಳಲ್ಲ. ಆದರೆ ಪದವಿ ಅರ್ಧಕ್ಕೆ ನಿಂತದ್ದು ನಿಂತೇಹೋಯಿತು. ಆದಕಾರಣ ಬಂಧುಗಳಿಗೆ ನಾನು ಹೇಳಿದ್ದು ಇಷ್ಟು: ಗಾಯವಾಗಿ ಆಡಲಾಗದ ವರ್ಷದಲ್ಲಿಯೂ ರಿಯಾಯಿತಿ ಇರುವುದೋ ಇಲ್ಲವೋ ಎಂಬುದನ್ನು ಮೊಹರಿನೊಡನೆ ಬರೆಸಿಕೊಳ್ಳಿರಿ. ಪ್ರಾಂಶುಪಾಲರನ್ನು ಕಂಡು ಬಂದರೆ ಸಾಲದು. ತಂಡದ ಕೊನೆಯ ವರ್ಷದ ಹುಡುಗರನ್ನು ಕಂಡು, ಎಷ್ಟು ವಿಷಯ ಬಾಕಿ ಉಳಿದಿವೆಯೆಂದು ಕೇಳಿರಿ. ಪದವಿ ತರಗತಿಗೆ ಶೇ. 75, ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಶೇ. 85 ಹಾಜರಿ ಬೇಕು. ಪಂದ್ಯಕ್ಕೆ ಹೋದ ದಿನಗಳಲ್ಲಿ ತಪ್ಪಿದ ಪ್ರಯೋಗಾಲಯದ ಪಾಠವನ್ನು ಯಾರು ಮಾಡಿಸುತ್ತಾರೆ? ಈ ಪ್ರಶ್ನೆಗೆ ನೇರ ಉತ್ತರ ಕೊಡುವ ಕಾಲೇಜು ಒಳ್ಳೆಯದು.

ಕ್ರೀಡಾ ವಿಭಾಗದ ಸೀಟಿಗಾಗಿ ಓಡಾಡುವವರು ಇನ್ನೊಂದನ್ನು ಮರೆಯುತ್ತಾರೆ. ಸಿ.ಇ.ಟಿ.ಯಲ್ಲಿ ಕ್ರೀಡೆಯ ಹೆಸರಿನ ಸೀಟುಗಳು ಕೆಲವೇ ಕೆಲವು. ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಈ ಹುಡುಗ ಹತ್ತನೆಯ ತರಗತಿಯವರೆಗೆ ತಮ್ಮ ಹಳ್ಳಿಯಲ್ಲಿಯೇ ಕನ್ನಡದಲ್ಲಿ ಓದಿದವನು!

ಅಜ್ಜಿಯವರ ಚಿಂತೆ ಬೇರೆ. ಕ್ರೀಡಾ ನಿಲಯದಲ್ಲಿ ಮೊಟ್ಟೆ, ಮಾಂಸ ತಿನ್ನಿಸಿಬಿಡುವರೆಂದು. ಚಳ್ಳಕೆರೆಯ ಶೇಂಗಾದಲ್ಲಿ ನೂರು ಗ್ರಾಮಿಗೆ ಸುಮಾರು 25 ಗ್ರಾಂ ಸಸಾರಜನಕವಿದೆ. ಹಾಲು, ಹುರುಳಿ, ಮೊಸರು ಕೂಡಿದರೆ ದೇಹಕ್ಕೆ ಕೊರತೆಯಿಲ್ಲ. ಇಂಥ ಊಟ ಆ ನಿಲಯದಲ್ಲಿ ಸಿಗುವುದೇ ಎಂದು ಮೊದಲೇ ಕೇಳಿಬಿಡುವುದರಲ್ಲಿ ಸಂಕೋಚವೇಕೆ? ಇಷ್ಟಲಿಂಗದ ಪ್ರಶ್ನೆಯನ್ನೂ ಅವರೇ ಎತ್ತಿದರು. ಪರರಿಗೆ ಪೆಟ್ಟಾಗುವ ವಸ್ತು, ಆಭರಣಗಳನ್ನು ಧರಿಸಿ ಅಂಕಣಕ್ಕಿಳಿಯುವಂತಿಲ್ಲವೆಂಬುದು ಆ ಆಟದ ನಿಯಮ. ಬೆಳ್ಳಿಯ ಕರಡಿಗೆಯನ್ನು ಮನೆಯಲ್ಲಿರಿಸಿ, ಲಿಂಗವನ್ನು ಮೆತ್ತನೆಯ ವಸ್ತ್ರದಲ್ಲಿ ಒಳಗೆ ಬಿಗಿಯಾಗಿ ಕಟ್ಟಿಕೊಂಡು, ಪಂದ್ಯಕ್ಕೆ ಮೊದಲೇ ತೀರ್ಪುಗಾರರಿಗೆ ತೋರಿಸಿ ಒಪ್ಪಿಗೆ ಪಡೆಯಲೆಂದು ಹೇಳಿದೆ. ಶಾಸ್ತ್ರಿಗಳಲ್ಲಿ ಕೆಲವರು ಬೇರೆ ಹೇಳಿಯಾರು.

ಹುಡುಗ ಮೆಲ್ಲಗೆ ಅಮೆರಿಕದ ಮಾತೆತ್ತಿದ. ಪಂಜಾಬಿನ ಬಲ್ಲೋಕೆ ಗ್ರಾಮದ ಸತ್ನಾಮ್ ಸಿಂಗ್ 2010ರಲ್ಲಿ ಫ್ಲಾರಿಡಾಕ್ಕೆ ಹೋಗಿ, 2015ರಲ್ಲಿ ಡಲ್ಲಾಸ್ ತಂಡಕ್ಕೆ 52ನೆಯವನಾಗಿ ಆಯ್ಕೆಯಾದರು. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ, ಎನ್.ಬಿ.ಎ.ಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 2021ರಲ್ಲಿ ಅಮಾನ್ ಸಂಧು ನ್ಯೂಜೆರ್ಸಿಯ ಮಾನ್‌ಮತ್ ವಿಶ್ವವಿದ್ಯಾಲಯವನ್ನು ವಿದ್ಯಾರ್ಥಿವೇತನದ ಮೇಲೆ ಸೇರಿದರು. ಅಲ್ಲಿಯ ಮೊದಲ ದರ್ಜೆಯ ಕಾಲೇಜು ತಂಡಗಳಿಗೆ ಸೇರಲು ಪ್ರೌಢಶಿಕ್ಷಣದ ಹದಿನಾರು ಮುಖ್ಯ ವಿಷಯಗಳ ಅಂಕವನ್ನು ಮೊದಲು ಕೇಳುತ್ತಾರೆ. ಇದನ್ನು ಹೇಳಿದಾಗ ಹುಡುಗ ಗೋಡೆಯ ಕಡೆ ನೋಡಿದ.

ಉದ್ಯೋಗದ ದಾರಿಯೂ ಕಿರಿದಾಗಿದೆ. ಹಿಂದೆ ಬೆಂಗಳೂರಿನ ವಿಜಯಾ ಬ್ಯಾಂಕಿನ ತಂಡ ಹೆಸರಾಗಿತ್ತು. 2019ರ ಏಪ್ರಿಲ್ 1ರಂದು ಆ ಬ್ಯಾಂಕೇ ಬರೋಡ ಬ್ಯಾಂಕಿನಲ್ಲಿ ವಿಲೀನವಾಯಿತು. ರೈಲ್ವೆಯವರು ಈಗಲೂ ಆಟಗಾರರನ್ನು ತೆಗೆದುಕೊಳ್ಳುತ್ತಾರೆ.

ನನ್ನ ಒಲವು ದಾವಣಗೆರೆಯ ಕಡೆಗೆ. ಅಲ್ಲಿ ಆಟ ಸ್ವಲ್ಪ ಕಡಿಮೆಯಾದೀತು, ಮೊಣಕಾಲು ಕೈಕೊಟ್ಟರೂ ಓದು ಉಳಿಯುತ್ತದೆ. ಹುಡುಗನ ಮನಸ್ಸು ಬೆಂಗಳೂರಿನ ಕಡೆಗೆ. ಆ ವಯಸ್ಸಿಗೆ ಅದು ಸಹಜ. ತಂದೆ ಬೆಂಗಳೂರಿನ ಸಂಸ್ಥೆಗೆ ಲಿಖಿತ ಭರವಸೆ ಕೇಳಿ ಪತ್ರ ಬರೆದು ಮೂರು ವಾರವಾಯಿತು. ಉತ್ತರ ಇನ್ನೂ ಬಂದಿಲ್ಲ.