ಒಂದ್ ಮಳೆ ತಪ್ಪಿದ್ರೆ ಹೊಲ ಮಾರ್ತೀವಾ?

ಕಳೆದ ವರ್ಷ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 6.2 ಅಂತ ಬಂತು. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳೋ ಪರೀಕ್ಷೆ ಅದು. 5.7ರಿಂದ 6.4ರ ಒಳಗಿದ್ದರೆ ಪ್ರೀಡಯಾಬಿಟೀಸ್, ಅಂದ್ರೆ ಕಾಯಿಲೆ ಹೊಸ್ತಿಲ ತನಕ ಬಂದಿದೆ ಅಂತ. ನನಗಿನ್ನೂ ಮೂವತ್ನಾಲ್ಕು. ಮನೆಯಲ್ಲಿ ಮೂರು ವರ್ಷದ ಮಗಳು.

ಇಂಜಿನಿಯರ್ ಅಲ್ವಾ, ಇದನ್ನೂ ಪ್ರಾಜೆಕ್ಟ್ ಥರಾನೇ ತಗೊಂಡೆ. ಆಪ್ ಹಾಕ್ಕೊಂಡೆ, ಡೆಡ್‌ಲೈನ್ ಇಟ್ಟೆ. ಮೊದಲು ಓಟ್ಸ್, ಆಮೇಲೆ ಕೀಟೋ, ಆಮೇಲೆ ಹದಿನಾರು ಗಂಟೆ ಉಪವಾಸ. ಯಾವುದೂ ಇಪ್ಪತ್ತು ದಿನ ದಾಟಲಿಲ್ಲ. ಒಂದು ರಾತ್ರಿ ರಿಲೀಸ್ ಇರುತ್ತೆ, ಟೀಮ್‌ಗೆಲ್ಲ ಬಿರಿಯಾನಿ ಬರುತ್ತೆ. 'ಹೋಯ್ತಲ್ಲ, ಇನ್ನು ಸೋಮವಾರದಿಂದ' ಅನ್ಕೋತೀನಿ. ಆ ಸೋಮವಾರ ನಿಮಗೂ ಪರಿಚಯ ಇರಬಹುದು. ಅದು ಬರೋದೇ ಇಲ್ಲ.

ನಮ್ಮೂರು ನಾಗಮಂಗಲ ತಾಲ್ಲೂಕು. ಮಂಡ್ಯ ಅಂದ ಕೂಡಲೇ ಜನ ನಾಲೆ, ಕಬ್ಬು, ಭತ್ತ ಅಂತಾರೆ. ಅದು ಶ್ರೀರಂಗಪಟ್ಟಣ, ಪಾಂಡವಪುರದ ಕಡೆ, ಕನ್ನಂಬಾಡಿ ಕಟ್ಟೆಯ ನೀರು ಹರಿಯೋ ಸೀಮೆ. ನಮ್ಮದು ಮಳೆ ನಂಬಿದ ಹೊಲ; ರಾಗಿ, ಹುರುಳಿ. ಚಿಕ್ಕಂದಿನಲ್ಲಿ ಪಾಂಡವಪುರದ ಅಜ್ಜಿ ಮನೆಗೆ ಹೋಗ್ತಿದ್ದದ್ದೇ ಅನ್ನದ ಆಸೆಗೆ. ಅನ್ನ ಅಂದ್ರೆ ಅನುಕೂಲಸ್ಥರ ಊಟ, ಹಿಟ್ಟು ಅಂದ್ರೆ ಇಲ್ಲದವರದ್ದು. ಈ ಲೆಕ್ಕ ತಲೆಯಲ್ಲಿ ಕೂತುಬಿಟ್ಟಿತ್ತು. ಬಿಇ ಹಾಸ್ಟೆಲಿನಲ್ಲಿ ಯಾರೋ 'ನಿಮ್ಮನೇಲಿ ದಿನಾ ಮುದ್ದೇನಾ?' ಅಂದಾಗ, 'ಇಲ್ಲಪ್ಪ, ಅಪರೂಪಕ್ಕೆ' ಅಂದಿದ್ದೆ. ಸಂಬಳ ಶುರುವಾದ ಮೇಲಂತೂ ಮುದ್ದೆ ಪೂರ್ತಿ ಬಿಟ್ಟೇಹೋಯ್ತು.

ರಿಪೋರ್ಟ್ ಹಿಡ್ಕೊಂಡು ಊರಿಗೆ ಹೋದೆ. ಸಿರಿಧಾನ್ಯ ಅಂತ ಈಗ ಎಲ್ಲರೂ ಹೊಗಳ್ತಾರೆ, ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತಾನೇ ಘೋಷಿಸಿತ್ತು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ, ನಾರಿದೆ. ಇನ್ನೇನು ಬೇಕು ಅಂತ ಅಪ್ಪನ ಪಕ್ಕ ಕೂತು, ಅಪ್ಪನಷ್ಟೇ ದಪ್ಪದ ಎರಡು ಮುದ್ದೆ ಇಳಿಸಿದೆ. ಅಪ್ಪ ನೋಡೋ ತನಕ ನೋಡಿ ಕೇಳಿದ್ರು: "ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅಂತಾರೆ ಕಣ್ಲಾ. ನೀನು ಇವತ್ತು ಯಾವ್ ಬೆಟ್ಟ ಕಿತ್ತೆ?"

ನಗು ಬಂತು, ಆದ್ರೆ ಮಾತು ನಿಜ. ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಹೊಲ ಉಳೋ ಮೈಗೆ ಬೇಕಾದಷ್ಟು ಕುರ್ಚಿ ಮೇಲೆ ಕೂರೋ ಮೈಗೆ ಬೇಡ. ಮುದ್ದೆ ಚಿಕ್ಕದಾಗಬೇಕು, ಪಕ್ಕದ ಕಾಳು, ಸೊಪ್ಪು ಜಾಸ್ತಿಯಾಗಬೇಕು.

ರಾತ್ರಿ ಅವ್ವನ ಹತ್ರ ನನ್ನ ಸೋಮವಾರಗಳ ಕಥೆ ಹೇಳ್ಕೊಂಡೆ. ಅವ್ವ ಅವರೆಕಾಯಿ ಬಿಡಿಸ್ತಾನೇ ಅಂದ್ರು: "ಒಂದ್ ಮಳೆ ತಪ್ಪಿದ್ರೆ ಹೊಲ ಮಾರ್ತೀವಾ ಮಗಾ? ರಾಗಿ ಹೋದ್ರೆ ಹಿಂದಿನ್ ಮಳೆಗೆ ಹುರುಳಿ ಚೆಲ್ತೀವಿ."

ನಾನು ಓದಿದ ಯಾವ ಡಯಟ್ ಪ್ಲಾನಿನಲ್ಲೂ ಈ ಸಾಲು ಇರಲಿಲ್ಲ. ಊಟವನ್ನ ನಾನು ಡೆಡ್‌ಲೈನ್ ಇರೋ ಕೆಲಸ ಅನ್ಕೊಂಡಿದ್ದೆ. ಒಂದು ಟೆಸ್ಟ್ ಫೇಲಾದ್ರೆ ಪ್ರಾಜೆಕ್ಟೇ ಮುಚ್ಚೋದು. ಅವ್ವನಿಗೆ ಅದು ಬೇಸಾಯ. ಕೆಟ್ಟ ವರ್ಷಗಳನ್ನೂ ಸೇರಿಸ್ಕೊಂಡೇ ನಡೆಯೋದು.

ಅವತ್ತಿನಿಂದ ಸೋಮವಾರ ಬಿಟ್ಟೆ, 'ಮುಂದಿನ ಊಟ' ಹಿಡಿದೆ. ಊರಿಂದ ಹಿಟ್ಟು ತರ್ತೀನಿ, ಭಾನುವಾರ ಹುರುಳಿಕಾಳು ನೆನೆಹಾಕ್ತೀನಿ. ರಾತ್ರಿ ಒಂದು ಚಿಕ್ಕ ಮುದ್ದೆ, ಬಸ್ಸಾರು, ಪಲ್ಯ. ಹಬ್ಬಕ್ಕೆ ಕೆ.ಆರ್.ಪೇಟೆಯ ಅಕ್ಕನ ಮನೆಗೆ ಹೋದ್ರೆ ಹೋಳಿಗೆ ತಿಂತೀನಿ. "ಡಯಟ್ ಗಿಯಟ್ ಬಿಟ್ಯೇನೋ?" ಅಂತಾಳೆ. ಡಯಟ್ ಇದ್ರೆ ತಾನೇ ಬಿಡೋಕೆ! ಮಾರನೇ ಊಟಕ್ಕೆ ಮತ್ತೆ ಸೊಪ್ಪು, ಕಾಳು.

ಪವಾಡ ಏನೂ ಆಗಿಲ್ಲ. ಈ ಸಲ 5.9 ಬಂತು. ಹೊಸ್ತಿಲು ಇನ್ನೂ ಹತ್ರಾನೇ ಇದೆ.

ಮೊನ್ನೆ ಟೀಮಿನವರು ಮನೆಗೆ ಬಂದಿದ್ರು. ಮಗಳು ಅವರೆದುರೇ "ಅಪ್ಪಾ, ಹಿಟ್ಟು" ಅಂತ ತಟ್ಟೆ ಬಡಿದಳು. ಒಬ್ಬ ಕೇಳಿದ, "ನಿಮ್ಮನೇಲಿ ದಿನಾ ಮುದ್ದೇನಾ?"

"ಹೂಂ," ಅಂದೆ, "ಹೆಚ್ಚು ಕಮ್ಮಿ ದಿನಾ. ನಿಂಗೂ ಒಂದು ಹಾಕ್ಲಾ?"